ಎತ್ತಿನ ಹಲ್ಲು ನೋಡಿದವರ ಮಕ್ಕಳೇ, ಮಿಷನ್ನಿನ ಹಲ್ಲು ನೋಡಿ!

ಕನ್ನಡದ ಯುವ ಗೆಳೆಯರೇ,

ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನಲು ಹೊರಟವನನ್ನು ನೋಡಿದ್ದೀರಾ? ಬೋರ್ಡು ನೋಡಿ ಅವನು ಹೋಟೆಲಿನೊಳಗೆ ಕಾಲಿಡುವುದಿಲ್ಲ. ಕಾವಲಿ ಚೆನ್ನಾಗಿ ಕಾದಿದೆಯೋ ಇಲ್ಲವೋ, ಬೆಣ್ಣೆ ಎಂಥದ್ದು, ಚಟ್ನಿ ಇವತ್ತಿನದೋ ನಿನ್ನೆಯದೋ ಎಂದು ನಾಲ್ಕು ಜನರನ್ನು ಕೇಳುತ್ತಾನೆ. ಒಂದು ದೋಸೆಗೆ ಇಷ್ಟು ಪರೀಕ್ಷೆ! ಅದೇ ಮನುಷ್ಯ ಬ್ಯಾಂಕಿನಲ್ಲಿ ಸಾಲ ತೆಗೆದು, ಅವ್ವನ ಬಂಗಾರ ಅಡವಿಟ್ಟು ವೆಲ್ಡಿಂಗ್ ವರ್ಕ್‌ಶಾಪ್ ಹಾಕಲು ಹೊರಟಾಗ ಏನು ಮಾಡುತ್ತಾನೆ? ಅಂಗಡಿಯವನು "ಇದೇ ಬೆಸ್ಟು, ಎಲ್ಲರೂ ಇದನ್ನೇ ಒಯ್ಯೋದು" ಎಂದರೆ ತಲೆಯಾಡಿಸಿ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬರುತ್ತಾನೆ. ಆರು ತಿಂಗಳಿಗೆ ಮಿಷನ್ ಮೂಲೆ ಸೇರುತ್ತದೆ. ಸಾಲದ ಕಂತು ಮಾತ್ರ ತಪ್ಪದೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ನಮ್ಮ ಅಪ್ಪ, ಅಜ್ಜಂದಿರು ಹೀಗಿರಲಿಲ್ಲ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಗೊರಸು ನೋಡುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ, ನೊಗ ಹೂಡಿ, ಆಮೇಲೆ ಟವೆಲ್ಲಿನ ಕೆಳಗೆ ಕೈ ಹಾಕಿ ಬೆಲೆ ಮಾತಾಡುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಓದು ಬಾರದ ಅವರಿಗೆ ತಿಳಿದಿತ್ತು. ಐಟಿಐ, ಡಿಪ್ಲೊಮಾ ಓದಿದ ನಮಗೆ ತಿಳಿಯದೇ ಹೋದರೆ ಹೇಗೆ?

ಲೇತ್ ಕಟ್ಟಿದ ಊರು

ಈ ಮಾತನ್ನು ಹರಿಹರದ ನೆಲದ ಮೇಲೆ ನಿಂತು ಹೇಳುವುದಕ್ಕೆ ಕಾರಣವಿದೆ. ಇದು ಮಿಷನ್ ಕೊಳ್ಳುವ ಊರಲ್ಲ, ಮಿಷನ್ ಹುಟ್ಟಿಸಿದ ಊರು! 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಆ ಮನೆತನದ ಉದ್ಯಮಕ್ಕೆ ಅಡಿಗಲ್ಲು ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗುಲಿದರೆ ಮಣ್ಣು ವಿಷವಾಗುತ್ತದೆ ಎಂದು ಹೆದರಿ ರೈತರು ಮೊದಲಿಗೆ ಅದನ್ನು ಮುಟ್ಟಲೇ ಇಲ್ಲ. ನೆಲದಲ್ಲಿ ಕೆಲಸ ಮಾಡಿ ತೋರಿಸಿದ ಮೇಲೆಯೇ ಯಾವ ಉಪಕರಣಕ್ಕಾದರೂ ನಂಬಿಕೆ ಹುಟ್ಟುವುದು. ಜಾಹೀರಾತಿಗೆ ಆ ಶಕ್ತಿ ಇಲ್ಲ.

ಹರಿಹರದಲ್ಲಿ ತಯಾರಾದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ದೇಶದ ಉದ್ದಗಲಕ್ಕೂ ಹೋದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಸಾವಿರಾರು ಮನೆಗಳ ಒಲೆಯ ಮೇಲೆ ಬಿದ್ದ ಬೀಗ ಅದು. ಆದರೆ ಆ ಲೇತುಗಳು ಸಾಯಲಿಲ್ಲ. ಸಣ್ಣ ವರ್ಕ್‌ಶಾಪುಗಳಲ್ಲಿ ಅವು ಇಂದಿಗೂ ತಿರುಗುತ್ತಿವೆ. ಕಂಪನಿ ಹೋದ ಮೇಲೂ ಮಿಷನ್ ಬದುಕಿದ್ದು ಹೇಗೆ? ಎರಕದ ಬೆಡ್ಡು ಗಟ್ಟಿಯಾಗಿತ್ತು. ಬಿಚ್ಚಿದರೆ ಒಳಗೇನಿದೆ ಎಂದು ಕಾಣುತ್ತಿತ್ತು. ಸವೆದ ಗೇರನ್ನು ಊರಿನ ಕೈಗಳೇ ಕಡಿದು ಹಾಕಬಹುದಾಗಿತ್ತು.

ಗೆಳೆಯರೇ, ಈ ಸಂಪಾದಕೀಯದ ತಿರುಳು ಇಷ್ಟೇ. ನಿಮ್ಮ ಊರಿನಲ್ಲಿ, ನಿಮ್ಮ ಕೈಯಲ್ಲಿ, ನಿಮ್ಮ ಮಾತಿನಲ್ಲಿ ರಿಪೇರಿ ಮಾಡಿ ಬದುಕಿಸಿಕೊಳ್ಳಬಹುದಾದ ಉಪಕರಣವೇ ನಂಬಿಕೆಯ ಉಪಕರಣ. ಉಳಿದದ್ದೆಲ್ಲ ಬಣ್ಣ!

ಮೊದಲು ಕೆಲಸದ ಪಟ್ಟಿ, ಆಮೇಲೆ ಮಿಷನ್ ಪಟ್ಟಿ

ಹರಿಹರ ತಾಲ್ಲೂಕಿನ ಕೊಕ್ಕನೂರನ್ನೇ ತೆಗೆದುಕೊಳ್ಳಿ. ಆಂಜನೇಯನ ಊರು, ಸುತ್ತ ಭತ್ತದ ಗದ್ದೆ. ಅಂಥ ಊರಿನ ಹುಡುಗನೊಬ್ಬ ದಾವಣಗೆರೆಯಲ್ಲಿ ಐಟಿಐ ಮುಗಿಸಿ ರಸ್ತೆ ಬದಿಗೆ ಶೆಡ್ಡು ಹಾಕುತ್ತಾನೆ ಎನ್ನಿ. ಅವನ ಬಾಗಿಲಿಗೆ ಬರುವ ಕೆಲಸ ಯಾವುದು? ಗೇಟು, ಗ್ರಿಲ್ಲು, ಶೀಟಿನ ಶೆಡ್ಡು, ಟ್ರ್ಯಾಕ್ಟರ್ ಟ್ರೇಲರ್, ಕೆಸರುಗದ್ದೆಗೆ ಕೇಜ್ ವೀಲ್, ಮುರಿದ ರೋಟವೇಟರ್ ಬ್ಲೇಡು. ನಾಟಿ ಸಮಯದಲ್ಲಿ ಕೇಜ್ ವೀಲ್ ಮುರಿದರೆ ರೈತನಿಗೆ ನಾಳೆ ಎಂಬ ಮಾತಿಲ್ಲ. ಕಾಲುವೆ ನೀರು ಕಾಯುವುದಿಲ್ಲ, ಕೂಲಿಯವರು ಕಾಯುವುದಿಲ್ಲ. ಅಂಥ ರಾತ್ರಿ ನಿಮ್ಮ ವೆಲ್ಡಿಂಗ್ ಮಿಷನ್ "ಟಪ್" ಎಂದು ನಿಂತರೆ ಹೋಗುವುದು ಒಂದು ದಿನದ ದುಡಿಮೆಯಷ್ಟೇ ಅಲ್ಲ, ಊರೆಲ್ಲ ನಿಮ್ಮ ಮೇಲೆ ಇಟ್ಟ ಭರವಸೆ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ದಪ್ಪದ ಕಬ್ಬಿಣ? ದಿನಕ್ಕೆ ಎಷ್ಟು ಗಂಟೆ? ಕರೆಂಟು ಸಿಂಗಲ್ ಫೇಸೋ, ತ್ರೀ ಫೇಸೋ? ಸಂಜೆ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ? ಈ ನಾಲ್ಕು ಉತ್ತರ ಕೈಯಲ್ಲಿಲ್ಲದೆ ಅಂಗಡಿಗೆ ಹೋದವನು ಕೊಳ್ಳುವವನಲ್ಲ, ಮಾರಿಸಿಕೊಳ್ಳುವವನು!

ವೆಲ್ಡಿಂಗ್ ಮಿಷನ್: 200 ಆಂಪ್ ಎಂಬ ಮಾಯೆ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ "200" ಎಂದು ಬರೆದಿರುತ್ತದೆ. ಅದನ್ನು ನೋಡಿ ಹಿಗ್ಗಬೇಡಿ. ಹಿಂಬದಿಯ ತಗಡಿನ ಮೇಲೆ ಸಣ್ಣ ಅಕ್ಷರದಲ್ಲಿರುವ "ಡ್ಯೂಟಿ ಸೈಕಲ್" ಓದಿ. 200 ಆಂಪ್‌ಗೆ 60% ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಆ ಕರೆಂಟಿನಲ್ಲಿ ವೆಲ್ಡ್ ಮಾಡಬಹುದು, ನಾಲ್ಕು ನಿಮಿಷ ಅದು ತಣಿಯಬೇಕು. 20% ಎಂದಿದ್ದರೆ ಎರಡೇ ನಿಮಿಷ! ಎರಡರ ಮೇಲೂ ಬರೆದಿರುವುದು 200 ಎಂದೇ. ಸಾಮಾನ್ಯವಾಗಿ ಬಳಸುವ 3.15 ಮಿಲಿಮೀಟರ್ ರಾಡಿಗೆ 90ರಿಂದ 130 ಆಂಪ್ ಸಾಕು. 60% ಮಿಷನ್ ಸುಮಾರು 150 ಆಂಪ್‌ನಲ್ಲಿ ದಿನವಿಡೀ ನಿಲ್ಲದೆ ದುಡಿಯುತ್ತದೆ. 20% ಮಿಷನ್ 90 ಆಂಪ್ ದಾಟಿದರೆ ನಡುನಡುವೆ ನಿದ್ದೆಗೆ ಜಾರುತ್ತದೆ. ಡ್ಯೂಟಿ ಸೈಕಲ್ ಅಳೆಯುವುದು ಸಾಮಾನ್ಯವಾಗಿ 40 ಡಿಗ್ರಿ ಶಾಖದಲ್ಲಿ. ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಕೆಳಗೆ ಶಾಖ ಎಷ್ಟಿರುತ್ತದೆಂದು ನಾವು ಹೇಳಬೇಕಿಲ್ಲ.

ಹಳೆಯ ಟ್ರಾನ್ಸ್‌ಫಾರ್ಮರ್ ಮಿಷನ್ನೋ, ಹೊಸ ಇನ್ವರ್ಟರೋ? ಟ್ರಾನ್ಸ್‌ಫಾರ್ಮರ್ ಭಾರ, ಕರೆಂಟು ಹೆಚ್ಚು ಕುಡಿಯುತ್ತದೆ. ಆದರೆ ಒಳಗಿರುವುದು ತಂತಿ ಮತ್ತು ಕಬ್ಬಿಣ, ವೈಂಡಿಂಗ್ ಅಂಗಡಿಯವನು ಕಟ್ಟಿಕೊಡುತ್ತಾನೆ. ಕೊಳ್ಳುವಾಗ ವೈಂಡಿಂಗ್ ತಾಮ್ರದ್ದೋ ಅಲ್ಯುಮಿನಿಯಮ್ಮೋ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬಾಯಿ ಮಾತಿನ ತಾಮ್ರ ಬಿಚ್ಚಿದಾಗ ಬೆಳ್ಳಗೆ ಕಂಡೀತು! ಇನ್ವರ್ಟರ್ ಹಗುರ, ಕರೆಂಟು ಉಳಿಸುತ್ತದೆ, ಆರ್ಕ್ ಸಲೀಸು. ಆದರೆ ಅದರ ಹೊಟ್ಟೆಯಲ್ಲಿ ಎಲೆಕ್ಟ್ರಾನಿಕ್ ಬೋರ್ಡಿದೆ. ಗ್ರೈಂಡಿಂಗ್‌ನ ಕಬ್ಬಿಣದ ಧೂಳು ಒಳಗೆ ಹೋದರೆ ಬೋರ್ಡು ಸುಡುತ್ತದೆ. ಆ ಬೋರ್ಡು ದಾವಣಗೆರೆಯಲ್ಲಿ ಸಿಗುತ್ತದೆಯೇ, ಸರಿಮಾಡುವವರು ಯಾರು, ಎಷ್ಟು ದಿನ ಹಿಡಿಯುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ. ಎಷ್ಟು ವೋಲ್ಟಿನವರೆಗೆ ಇಳಿದರೂ ಓಡುತ್ತದೆ ಎಂಬುದನ್ನೂ ಕೇಳಿ.

ಇನ್ನೊಂದು ಮಾತು. ಪೂರ್ಣ 200 ಆಂಪ್ ಎಳೆಯುವ ಮಿಷನ್ನಿಗೆ ಮನೆಯ ಗೋಡೆಯ 15 ಆಂಪ್ ಸಾಕೆಟ್ ಸಾಲುವುದಿಲ್ಲ. ಬೆಸ್ಕಾಂಗೆ ಅರ್ಜಿ ಹಾಕಿ ಸರಿಯಾದ ಸಂಪರ್ಕ ಪಡೆಯಿರಿ, ಅರ್ಥಿಂಗ್ ಮಾಡಿಸಿ, ಗ್ರೈಂಡರ್, ಡ್ರಿಲ್ ಚುಚ್ಚುವ ಪ್ಲಗ್ಗುಗಳಿಗೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಮಿಷನ್ನಿಗೆ ಸಾವಿರಾರು ರೂಪಾಯಿ ಸುರಿದು ವೈರಿಗೆ ಜುಗ್ಗತನ ಮಾಡುವವನು ಹೆಂಡತಿ ಮಕ್ಕಳ ಮುಖ ನೆನಪಿಸಿಕೊಳ್ಳಲಿ.

ಗ್ರೈಂಡರ್: ಲೆಕ್ಕ ತಪ್ಪಿದರೆ ಬೆರಳು

ವರ್ಕ್‌ಶಾಪಿನಲ್ಲಿ ಅತಿ ಅಗ್ಗದ, ಅತಿ ಅಪಾಯದ ಸಾಮಾನು ಕೈ ಗ್ರೈಂಡರ್. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಕಟಿಂಗ್ ಡಿಸ್ಕುಗಳ ಮೇಲೆ ಸಾಮಾನ್ಯವಾಗಿ "80 ಮೀಟರ್ ಪ್ರತಿ ಸೆಕೆಂಡಿಗೆ" ಎಂದು ಬರೆದಿರುತ್ತದೆ. ಅಂದರೆ ಗಂಟೆಗೆ 288 ಕಿಲೋಮೀಟರ್. ಅದು ಅದರ ಮಿತಿ. ಆ ಮಿತಿಯ ಪ್ರಕಾರ ನಾಲ್ಕು ಇಂಚಿನ ಡಿಸ್ಕು ಸುಮಾರು 15,300 ಸುತ್ತು ತಾಳುತ್ತದೆ. ಏಳು ಇಂಚಿನದು ತಾಳುವುದು 8,500 ಮಾತ್ರ.

ಈಗ ನಮ್ಮ ಜಾಣರು ಏನು ಮಾಡುತ್ತಾರೆ? ಗಾರ್ಡು ಕಿತ್ತು ಬಿಸಾಡಿ, ನಾಲ್ಕು ಇಂಚಿನ ಗ್ರೈಂಡರಿಗೆ ದೊಡ್ಡ ಮಿಷನ್ನಿನ ಡಿಸ್ಕು ಹಾಕುತ್ತಾರೆ. 8,500 ತಾಳುವುದನ್ನು 11,000 ತಿರುಗಿಸಿದರೆ ಅದು ಡಿಸ್ಕಲ್ಲ, ಬಾಂಬು! ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕುವವರೂ ಇದ್ದಾರೆ. ಅದು ಕಚ್ಚಿಕೊಂಡು ಒದ್ದರೆ ನೇರ ಎದೆಗೋ ಕುತ್ತಿಗೆಗೋ ಬರುತ್ತದೆ. ಡಿಸ್ಕು ಕೊಳ್ಳುವಾಗ ಸುತ್ತಿನ ಸಂಖ್ಯೆ ನೋಡಿ, ನಡುವಿನ ಲೋಹದ ಬಿಲ್ಲೆಯ ಮೇಲಿರುವ ಅವಧಿಯನ್ನು ನೋಡಿ. ಅಂಟಿನಿಂದ ಕಟ್ಟಿದ ಡಿಸ್ಕು ಹಳೆಯದಾದರೆ, ತೇವ ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಬೆಂಚ್ ಗ್ರೈಂಡರಿನ ಕಲ್ಲಾದರೆ ದಾರಕ್ಕೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. "ಠಣ್" ಎಂದರೆ ಸರಿ. "ಡಬ್" ಎಂದರೆ ಒಳಗೆ ಬಿರುಕಿದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅವ್ವ ಮಾಡುತ್ತಿದ್ದ ಪರೀಕ್ಷೆಯೇ ಇದು!

ಗ್ರೈಂಡರಿನ ಆಯಸ್ಸು ಮೂರು ಸಾಮಾನಿನಲ್ಲಿದೆ: ಕಾರ್ಬನ್, ಸ್ವಿಚ್ಚು, ಆರ್ಮೇಚರ್. ಈ ಮೂರೂ ನಿಮ್ಮ ಊರಿನ ಅಂಗಡಿಯಲ್ಲಿ ಸಿಗುವ ಮಾದರಿಯನ್ನೇ ಕೊಳ್ಳಿ. ಒಂದೇ ಕಂಪನಿ ಮನೆಯ ಬಳಕೆಗೆ ಒಂದು ಸಾಲು, ವೃತ್ತಿಗೆ ಇನ್ನೊಂದು ಸಾಲು ಮಾಡುತ್ತದೆ. ಬಾಷ್‌ನಲ್ಲಿ ಹಸಿರು ಮನೆಗೆ, ನೀಲಿ ವೃತ್ತಿಗೆ. ಭಾನುವಾರಕ್ಕೊಮ್ಮೆ ಗೋಡೆಗೆ ತೂತು ಹಾಕುವವನ ಮಿಷನ್ನನ್ನು ದಿನಕ್ಕೆ ಎಂಟು ಗಂಟೆ ಓಡಿಸಿ, ಸುಟ್ಟುಹೋಯಿತೆಂದು ಕಂಪನಿಯನ್ನು ಬೈದರೆ ಏನು ಬಂತು?

ಅಳತೆ ಸುಳ್ಳಾದರೆ ಎಲ್ಲವೂ ಸುಳ್ಳು

ಲಕ್ಷ ರೂಪಾಯಿ ಮಿಷನ್ ಇಟ್ಟು ಮುರುಕು ಟೇಪಿನಲ್ಲಿ ಅಳೆಯುವ ವರ್ಕ್‌ಶಾಪುಗಳೇ ಹೆಚ್ಚು. ಗೇಟು ಸೊಟ್ಟಗೆ ಬಂದಾಗ "ಗೋಡೆ ಸೊಟ್ಟ ಇದೆ" ಎನ್ನುತ್ತಾರೆ. ಕುಣಿಯಲಾರದವಳಿಗೆ ನೆಲ ಡೊಂಕು!

ರೈಟ್ ಆ್ಯಂಗಲ್ ಮಟ್ಟ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ, ಕಾಸು ಖರ್ಚಿಲ್ಲ. ನೇರ ಅಂಚಿನ ಹಲಗೆಗೆ ಮಟ್ಟ ಒತ್ತಿ ಹಿಡಿದು ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ ಅದೇ ಜಾಗದಿಂದ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆ ಒಂದಾದರೆ ಮಟ್ಟ ನಿಜ. ಬಾಯಿ ಬಿಟ್ಟರೆ ಮಟ್ಟ ಸುಳ್ಳು, ಕಂಡ ಅಂತರದ ಅರ್ಧದಷ್ಟು ಸುಳ್ಳು. ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆಂದು ಗುದ್ದಿ ಬಿಗಿ ಮಾಡಬೇಡಿ. ಒಳಗೆ ಒತ್ತಿ ಅಳೆದರೂ ಹೊರಗೆ ಸಿಕ್ಕಿಸಿ ಅಳೆದರೂ ಲೆಕ್ಕ ಸರಿಬರಲೆಂದು ಕೊಕ್ಕೆಯ ದಪ್ಪದಷ್ಟು ಅದು ಅಲ್ಲಾಡಲೇಬೇಕು. ಗೇಟಿನ ಚೌಕಟ್ಟು ಕೂಡಿಸಿದ ಮೇಲೆ ಎರಡು ಮೂಲೆ ಕರ್ಣಗಳನ್ನೂ ಅಳೆಯಿರಿ. ಎರಡೂ ಸಮವಾದರೆ ಮಾತ್ರ ಪೂರ್ತಿ ವೆಲ್ಡ್ ಹೊಡೆಯಿರಿ.

ಹಳೆಯ ಲೇತ್, ಹಳೆಯ ಡ್ರಿಲ್

ಹೊಸದು ಕೊಳ್ಳಲು ಶಕ್ತಿಯಿಲ್ಲದವನು ಹಳೆಯದನ್ನು ಕೊಳ್ಳುವುದು ತಪ್ಪಲ್ಲ. ಒಳ್ಳೆಯ ಹಳೆಯ ಮಿಷನ್ ಕೆಟ್ಟ ಹೊಸದಕ್ಕಿಂತ ಎಷ್ಟೋ ಮೇಲು. ಆದರೆ ಹೊಸದಾಗಿ ಹಚ್ಚಿದ ಹಸಿರು ಬಣ್ಣಕ್ಕೆ ಮರುಳಾಗಬೇಡಿ. ಲೇತಿನ ಬೆಡ್ಡು ಚಕ್ಕಿನ ಹತ್ತಿರವೇ ಹೆಚ್ಚು ಸವೆಯುವುದು, ಕೆಲಸವೆಲ್ಲ ಅಲ್ಲೇ ನಡೆಯುವುದರಿಂದ. ಚಕ್ಕಿನ ಹತ್ತಿರ ಕ್ಯಾರೇಜು ಬಿಗಿಯಿಲ್ಲದೆ ಓಡಿ, ಟೇಲ್‌ಸ್ಟಾಕ್ ಕಡೆಗೆ ತಂದಾಗ ಬಿಗಿಯಾದರೆ ಬೆಡ್ಡು ಸವೆದಿದೆ ಎಂದರ್ಥ. ಸ್ಪಿಂಡಲ್ಲಿಗೆ ಡಯಲ್ ಗೇಜು ಇಟ್ಟು ತಿರುಗಿಸಿ ನೋಡಿ. ಆಮೇಲೆ ಒಂದು ರಾಡು ಕಟ್ಟಿ, ಮಾಲೀಕನ ಎದುರಲ್ಲೇ ತೆಳುವಾಗಿ ಕಡಿದು, ಎರಡು ತುದಿಯನ್ನೂ ಮೈಕ್ರೋಮೀಟರಿನಲ್ಲಿ ಅಳೆಯಿರಿ. "ಕರೆಂಟಿಲ್ಲ, ನಾಳೆ ತೋರಿಸ್ತೀನಿ, ಈಗ ಅಡ್ವಾನ್ಸ್ ಕೊಡಿ" ಎಂದರೆ ನಮಸ್ಕಾರ ಹೇಳಿ ಬನ್ನಿ.

ಗ್ಯಾಸ್ ಕಟಿಂಗ್ ಸಾಮಾನನ್ನು ಮಾತ್ರ ಹಳೆಯದು ಕೊಳ್ಳಲೇಬೇಡಿ. ರೆಗ್ಯುಲೇಟರ್, ಪೈಪು, ಬೆಂಕಿ ಹಿಂದಕ್ಕೆ ನುಗ್ಗದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್, ಇವು ಹೊಸದೇ ಇರಲಿ. ಆಕ್ಸಿಜನ್ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸು ತಾಗಿದರೆ ಹೊತ್ತಿ ಉರಿಯುತ್ತದೆ. ಅಸಿಟಿಲಿನ್ ಸಿಲಿಂಡರನ್ನು ಮಲಗಿಸಬಾರದು, ರೆಗ್ಯುಲೇಟರಿನಲ್ಲಿ 15 ಪೌಂಡ್ ಒತ್ತಡ ಮೀರಿಸಬಾರದು, ಅದರ ಪೈಪಿಗೆ ತಾಮ್ರದ ತುಂಡು ಜೋಡಿಸಬಾರದು.

ಅಂಗಡಿಯವನಿಗೆ ಐದು ಪ್ರಶ್ನೆ

ಕೌಂಟರಿನ ಮುಂದೆ ನಿಂತು ನಾಚಿಕೆಯಿಲ್ಲದೆ ಕೇಳಿ. ಒಂದು, ಜಿಎಸ್‌ಟಿ ಬಿಲ್ಲಿನಲ್ಲಿ ಮಾದರಿ, ಸೀರಿಯಲ್ ನಂಬರು ಬರೆದು ಕೊಡುತ್ತೀರಾ? ಎರಡು, ವಾರಂಟಿ ವೃತ್ತಿ ಬಳಕೆಗೂ ಇದೆಯೋ, ಮನೆ ಬಳಕೆಗೆ ಮಾತ್ರವೋ? ಮೂರು, ಸರ್ವೀಸ್ ಸೆಂಟರ್ ಯಾವ ಊರಿನಲ್ಲಿದೆ? ನಾಲ್ಕು, ಬಿಡಿಭಾಗ ಇವತ್ತು ನಿಮ್ಮ ಕಪಾಟಿನಲ್ಲಿದೆಯೇ, ತೋರಿಸಿ. ಐದು, ಇಲ್ಲೇ ಓಡಿಸಿ ತೋರಿಸುತ್ತೀರಾ? ಐದರಲ್ಲಿ ಮೂರಕ್ಕೆ ತಡವರಿಸಿದರೆ ಪಕ್ಕದ ಅಂಗಡಿ ಇದೆ.

ಐಎಸ್‌ಐ ಗುರುತು ಇರುವ ಸಾಮಾನಾದರೆ ಗುರುತು ನೋಡಿ ಸುಮ್ಮನಾಗಬೇಡಿ. ಅದರ ಕೆಳಗೆ ಸಿಎಂ/ಎಲ್ ಎಂಬ ಲೈಸೆನ್ಸ್ ಸಂಖ್ಯೆ ಇರಬೇಕು. ಜೇಬಿನಲ್ಲಿರುವ ಫೋನಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಒತ್ತಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ರೀಲ್ಸ್ ನೋಡುವ ಫೋನಿಗೆ ಎರಡು ನಿಮಿಷ ಇದಕ್ಕೂ ಕೆಲಸ ಕೊಡಿ.

ಎಚ್ಚರಿಕೆ ಯಾರ ಭಾಷೆಯಲ್ಲಿದೆ?

ಈಗ ಪೆಟ್ಟಿಗೆ ಬಿಚ್ಚಿ. ಒಳಗೊಂದು ಪುಸ್ತಕವಿದೆ. ಡಿಸ್ಕಿನ ಮಿತಿ, ಡ್ಯೂಟಿ ಸೈಕಲ್, ಎಲ್ಲಿ ಕೈ ಇಡಬಾರದು, ಯಾವಾಗ ಪ್ಲಗ್ ಕೀಳಬೇಕು, ಎಲ್ಲ ಅದರಲ್ಲಿದೆ. ಯಾವ ಭಾಷೆಯಲ್ಲಿ? ಇಂಗ್ಲಿಷು, ಹಿಂದಿ, ಒಮ್ಮೊಮ್ಮೆ ಚೀನಿ! ಗ್ರೈಂಡರ್ ಹಿಡಿಯುವ ಕೈ ಕೊಕ್ಕನೂರಿನದು, ಹೋಗುವ ಬೆರಳು ಹರಿಹರದ್ದು, ಆದರೆ "ಹುಷಾರು" ಎಂಬ ಮಾತು ಮಾತ್ರ ಅವನಿಗೆ ಬಾರದ ನುಡಿಯಲ್ಲಿ!

ಕಾನೂನು ಏನು ಹೇಳುತ್ತದೆ? ಪೊಟ್ಟಣದ ಸರಕಿನ ಬಗೆಗಿನ ಕೇಂದ್ರದ 2011ರ ಕಾನೂನು ಮಾಪನ ನಿಯಮಗಳಲ್ಲಿ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ. ಗಮನಿಸಿ, ಅಡ್ಡಿಯಿಲ್ಲ ಅಷ್ಟೇ, ಕಡ್ಡಾಯವಿಲ್ಲ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, ಇಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಸರಕಿನ ಹೆಸರು ಮತ್ತು ಬಳಸುವ ಕ್ರಮ ಸಾಧ್ಯವಾದಷ್ಟೂ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. 2025ರಲ್ಲಿ ಸರ್ಕಾರ ಈ ಬಗ್ಗೆ ಆದೇಶವನ್ನೂ ಹೊರಡಿಸಿತು. ಆದರೆ ರಾಜಕೋಟ್, ಲುಧಿಯಾನ, ಚೀನಾದಿಂದ ಬರುವ ಪೆಟ್ಟಿಗೆಗೆ ಈ ಮಾತು ಮುಟ್ಟುವುದಿಲ್ಲ.

ನಾಮಫಲಕದಲ್ಲಿ ಶೇಕಡ 60 ಕನ್ನಡ ಬೇಕೆಂದು ಬೀದಿಗಿಳಿದೆವು. 2024ರಲ್ಲಿ ಅದು ಕಾನೂನಾಯಿತು. ಸಂತೋಷ. ಆದರೆ ಅಂಗಡಿಯ ನೆತ್ತಿಯ ಮೇಲೆ ಕನ್ನಡ ಇದ್ದು, ಅದರೊಳಗೆ ಮಾರುವ ಮಿಷನ್ನಿನ ಮೇಲೆ ಒಂದೇ ಒಂದು ಕನ್ನಡದ ಅಕ್ಷರ ಇಲ್ಲದಿದ್ದರೆ ಹೋರಾಟ ಅರ್ಧಕ್ಕೆ ನಿಂತಂತೆ. ಕೊಳ್ಳುವವನು ಕೇಳದೆ ಮಾರುವವನು ಕೊಡುವುದಿಲ್ಲ. ಪ್ರತಿ ಖರೀದಿಯಲ್ಲೂ "ಕನ್ನಡದ ಕೈಪಿಡಿ ಕೊಡಿ" ಎಂದು ಕೇಳಿ. ಇಲ್ಲ ಎಂದರೆ ಕಂಪನಿಯ ಗ್ರಾಹಕ ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ, ದೂರು ಬರೆಸಿ. ಅವರು ಕೊಡುವವರೆಗೆ ಕೈಕಟ್ಟಿ ಕೂರಬೇಡಿ. ಇಂಗ್ಲಿಷ್ ಬಲ್ಲ ನೀವು ಒಂದು ಸಂಜೆ ಕೂತು ಹತ್ತು ಎಚ್ಚರಿಕೆಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿ. ನಿಮ್ಮ ಹತ್ತಿರ ಕೆಲಸ ಕಲಿಯಲು ಬರುವ ಹುಡುಗನ ಕಣ್ಣು, ಬೆರಳು ಉಳಿದರೆ ಅದಕ್ಕಿಂತ ದೊಡ್ಡ ಕನ್ನಡ ಸೇವೆ ಬೇರೆ ಬೇಕೆ?

ಕೇಳಿ ತಿಳಿಯಲು ಊರಿನಲ್ಲೇ ಜಾಗವಿದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಹರಿಹರದಲ್ಲೂ ಇದೆ. ಅದಕ್ಕೂ ದೊಡ್ಡ ವಿಶ್ವವಿದ್ಯಾಲಯ ಕಿರ್ಲೋಸ್ಕರ್‌ನಲ್ಲಿ ದುಡಿದು ಮನೆ ಸೇರಿದ ಹಿರಿಯರು. ಸ್ಪಿಂಡಲ್ಲಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎಂದು ಹೇಳುವ ಕಿವಿ ಅವರದು. ಮಿಷನ್ ಕೊಳ್ಳಲು ಹೋಗುವಾಗ ಅಂಥ ಒಬ್ಬರನ್ನು ಗೌರವದಿಂದ ಜೊತೆಗೆ ಕರೆದುಕೊಂಡು ಹೋಗಿ. ಒಂದು ಟೀ, ಬಸ್ ಚಾರ್ಜು ಕೊಟ್ಟು ಅರವತ್ತು ವರ್ಷದ ಅನುಭವ ಪಡೆಯುವ ಅವಕಾಶ ಎಲ್ಲ ಊರಿಗೂ ಇಲ್ಲ. ಆ ಕಿವಿಗಳು ಇನ್ನೆಷ್ಟು ದಿನ ನಮ್ಮ ನಡುವೆ ಇರುತ್ತವೆ?

ಗೆಳೆಯರೇ, ಸಾಲ ನಿಮ್ಮದು, ಬೆರಳು ನಿಮ್ಮದು, ಊರಿನ ಹೆಸರೂ ನಿಮ್ಮದೇ. ಇಡೀ ದೇಶಕ್ಕೆ ಲೇತ್ ಕೊಟ್ಟ ನೆಲದ ಮಕ್ಕಳು ಬಣ್ಣದ ಡಬ್ಬಕ್ಕೆ ಮೋಸಹೋದರು ಎಂಬ ಮಾತು ಬರಬಾರದು. ಮುಂದಿನ ಬಾರಿ ಅಂಗಡಿಗೆ ಹೋದಾಗ ಮೊದಲು ಬೆಲೆ ಕೇಳಬೇಡಿ. ಮಿಷನ್ನನ್ನು ತಿರುಗಿಸಿ ಹಿಂಬದಿಯ ತಗಡು ಓದಿ, ಬಾಯಿ ಬಿಡಿಸಿ ಹಲ್ಲು ಎಣಿಸಿ. ಆಮೇಲೆ ಜೇಬಿಗೆ ಕೈ ಹಾಕಿ!